ಎರಡನೇ ದನಿ

ಶಾಲೆಯ ಬಸ್ಸು ಓಡಿಸುವ ಆ ಹೆಂಗಸನ್ನು ವೃಂದಗಾನದ ತಂಡದಲ್ಲಿ ಎಲ್ಲರೂ ಬ್ರೇಕಮ್ಮ ಎಂದೇ ಕರೆಯುತ್ತಿದ್ದರು. ಅದು ಬಸ್ಸಿನಿಂದಾಗಿ ಬಂದ ಹೆಸರಲ್ಲ; ತಂಡದ ಖಜಾಂಚಿಯೂ ಅವಳೇ. ಯಾರು ಖರ್ಚಿನ ಮಾತೆತ್ತಿದರೂ ನಮ್ಮ ಖಜಾಂಚಿಯ ಕಾಲು ತಾನಾಗಿಯೇ ಬ್ರೇಕಿನ ಮೇಲೆ ಹೋಗುತ್ತದೆ ಎಂದು ತಂಡದಲ್ಲೇ ಹಾಡುವ ದಂತವೈದ್ಯರು ಒಮ್ಮೆ ತಮಾಷೆ ಮಾಡಿದ್ದರು, ಹೆಸರು ಅಂಟಿಕೊಂಡಿತು. ಎಲ್ಲರಿಗೂ ಒಂದೇ ಬಣ್ಣದ ಬಟ್ಟೆ ಹೊಲಿಸೋಣವೆ? ಮನೆಯಲ್ಲಿರುವ ಬಿಳಿ ಅಂಗಿ ಒಗೆದು ಹಾಕಿಕೊಂಡು ಬನ್ನಿ. ಬಣ್ಣದ ಪೋಸ್ಟರ್ ಮಾಡಿಸೋಣವೆ? ಕಪ್ಪು ಬಿಳುಪು ಸಾಕು, ಹಾಡು ಕಿವಿಗೆ ತಾನೆ. ಹೀಗೆ ಒಂದೊಂದಕ್ಕೂ ಅವಳಲ್ಲಿ ಉತ್ತರ ಸಿದ್ಧವಾಗಿರುತ್ತಿತ್ತು. ಆ ಹೆಸರಿನ ಬಗ್ಗೆ ಅವಳಿಗೇನೂ ಬೇಸರವಿರಲಿಲ್ಲ. ಮಕ್ಕಳನ್ನು ತುಂಬಿಕೊಂಡು ಗಾಡಿ ಓಡಿಸುವವಳಿಗೆ ಬ್ರೇಕಿನ ಬೆಲೆ ಗೊತ್ತಿತ್ತು.

ತಂಡ ಅಂದರೆ ಸುಮಾರು ಮೂವತ್ತು ಜನ. ಮಂಗಳವಾರ ಸಂಜೆ ಪೀಠೋಪಕರಣದ ಅಂಗಡಿಯ ಮೇಲಿನ ದೊಡ್ಡ ಕೋಣೆಯಲ್ಲಿ ಸೇರುತ್ತಿದ್ದರು. ಕೆಳಗಿನಿಂದ ಯಾವಾಗಲೂ ಪಾಲಿಶ್ ವಾಸನೆ ಬರುತ್ತಿತ್ತು, ಆಳವಾಗಿ ಉಸಿರೆಳೆದುಕೊಂಡರೆ ತಲೆ ಸಣ್ಣಗೆ ತಿರುಗುತ್ತಿತ್ತು. ಕಲಿಸುವವರು ಶಾಲೆಯಲ್ಲಿ ಸಂಗೀತ ಹೇಳಿಕೊಟ್ಟು ನಿವೃತ್ತರಾದ ಮೇಷ್ಟ್ರು. ಅವರು ಒಂದು ಕಾಸೂ ತೆಗೆದುಕೊಳ್ಳುತ್ತಿರಲಿಲ್ಲ. ಕೀಬೋರ್ಡ್ ಕೂಡ ತಮ್ಮದೇ, ಸ್ಕೂಟರಿನ ಹಿಂದೆ ಕಟ್ಟಿಕೊಂಡು ಬರುತ್ತಿದ್ದರು. ಉಳಿದದ್ದಕ್ಕೆಲ್ಲ ತಿಂಗಳ ಚಂದಾ. ಕೊಡುವವರು ಕೊಡುತ್ತಿದ್ದರು, ಕೈಯಲ್ಲಿ ಕಾಸಿಲ್ಲದವರು ಖಜಾಂಚಿಯ ಕಣ್ಣು ತಪ್ಪಿಸಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದರು. ವರ್ಷಕ್ಕೊಂದು ಕಾರ್ಯಕ್ರಮ. ಅದರಲ್ಲೂ ಟಿಕೆಟ್ಟಿಗಿಂತ ವಿರಾಮದಲ್ಲಿ ಮಾರಿದ ಚಹಾದಿಂದಲೇ ಹೆಚ್ಚು ದುಡ್ಡು ಹುಟ್ಟುತ್ತಿತ್ತು. ಹಾಡಿಗಿಂತ ನಿಮ್ಮ ಚಹಾಕ್ಕೇ ಅಭಿಮಾನಿಗಳು ಜಾಸ್ತಿ ಎಂದು ಮೇಷ್ಟ್ರು ನಗುತ್ತಿದ್ದರು.

ಬ್ರೇಕಮ್ಮ ಸೇರಿದ್ದು ಸಂಗೀತದ ಹುಚ್ಚಿನಿಂದಲ್ಲ. ದಿನವಿಡೀ ಮಕ್ಕಳ ಕಿರುಚಾಟ ಕೇಳಿದವಳಿಗೆ, ಇಷ್ಟು ಜನ ಒಟ್ಟಿಗೆ ಬಾಯಿ ತೆರೆದರೂ ಗದ್ದಲವಾಗದ ಜಾಗವೊಂದಿದೆ ಎನ್ನುವುದೇ ದೊಡ್ಡ ಸೋಜಿಗವಾಗಿತ್ತು. ಮೇಷ್ಟ್ರು ಅವಳ ಗಂಟಲು ಪರೀಕ್ಷಿಸಿ ಎರಡನೇ ದನಿಗೆ ಹಾಕಿದರು. ಹಾಡಿನ ಧಾಟಿ ಇರುವುದು ಮೊದಲನೇ ದನಿಯವರ ಕೈಯಲ್ಲಿ. ಜನ ಮನೆಗೆ ಹೋಗುವಾಗ ಗುನುಗುವುದು ಅದನ್ನೇ. ಎರಡನೇ ದನಿಯವರು ಅದರ ಕೆಳಗೆ ಅಲ್ಲೊಂದು ಪದ ಇಲ್ಲೊಂದು ಪದ ಹಿಡಿದು ನಿಲ್ಲುತ್ತಾರೆ, ನಡುವೆ ಬಾಯಿ ಮುಚ್ಚಿ ಎಣಿಸುತ್ತಾರೆ. ಮನೆಯಲ್ಲಿ ಅವಳು ಅಭ್ಯಾಸ ಮಾಡುವಾಗ ಅತ್ತೆ ಕೇಳುತ್ತಿದ್ದರು: “ಇದೇನೇ, ಹಾಡ್ತಿದ್ದೀಯೋ, ಬಿಕ್ಕಳಿಕೆ ಬಂದಿದೆಯೋ?”

ಹಳೆಯ ಅಂಗಡಿ ಯಜಮಾನರು ತೀರಿಕೊಂಡು ಮಗ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಮೇಲೆ ಕೋಣೆಯ ಬಾಡಿಗೆ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ಚಂದಾ ಏರಿಸಿದರೆ ಹಿಂದಿನ ಸಾಲು ಖಾಲಿಯಾಗುವುದು ಖಂಡಿತ. ಬ್ರೇಕಮ್ಮ ನಗರಸಭೆಗೆ ಹೋಗಿ ಅನುದಾನ ಕೇಳಿದಳು. ಅಲ್ಲಿದ್ದ ಅಧಿಕಾರಿಣಿ ಒಳ್ಳೆಯವರೇ. ಹಾಡುವುದಕ್ಕೆ ಅಂತ ಹಣ ಕೊಡುವ ದಾರಿಯಿಲ್ಲ, ಜನಸೇವೆ ಅಂದರೆ ಕೊಡಬಹುದು ಎಂದರು. ಆಮೇಲೆ ಪೆನ್ನು ತಿರುಗಿಸುತ್ತ, ಹಿಂಜರಿಯುತ್ತಲೇ ಒಂದು ಮಾತು ತೆಗೆದರು.

“ಯಾರೂ ಇಲ್ಲದೆ ಸಾಯೋರು ಇರ್ತಾರಲ್ಲ, ಅವರನ್ನ ಚಿತಾಗಾರಕ್ಕೆ ಕಳಿಸೋದು ನಮ್ಮ ಇಲಾಖೆ. ಒಂದ್ಸಲ ಸಹಿಗೆ ಅಂತ ನಾನೇ ಹೋಗಿದ್ದೆ. ವ್ಯಾನ್ ಡ್ರೈವರು, ಒಲೆ ನೋಡ್ಕೊಳ್ಳೋನು, ನಾನು. ಇಷ್ಟೇ ಜನ. ಡ್ರೈವರು ಫೋನಲ್ಲಿ ಮಾತಾಡ್ತಿದ್ದ. ಅವತ್ತು ಮನೆಗೆ ಹೋಗಿ ಊಟ ಸೇರಲಿಲ್ಲ ನನಗೆ. ನಿಮ್ಮೋರು ನಾಲ್ಕು ಜನ ಬಂದು ಒಂದು ಹಾಡು ಹೇಳಿದ್ರೆ, ಅದನ್ನ ಸೇವೆ ಅಂತ ಬರೀಬಹುದು. ಬಂದ ಸಲಕ್ಕೆಲ್ಲ ಅಲ್ಲಿ ಸಹಿ ಹಾಕಿ, ಅಷ್ಟಕ್ಕೆ ದುಡ್ಡು ಕೊಡ್ತೀವಿ.”

ಮಂಗಳವಾರ ಈ ವಿಷಯ ಬಂದಾಗ ಕೋಣೆಯಲ್ಲಿ ಗುಸುಗುಸು ಎದ್ದಿತು. “ನಾವು ಸಂತೋಷಕ್ಕೆ ಹಾಡೋರು. ಹೆಣದ ಮುಂದೆ ಹಾಡಿ ಬಾಡಿಗೆ ಕಟ್ಟೋದು ಅಂದ್ರೆ ಯಾಕೋ ಮನಸ್ಸು ಒಪ್ಪಲ್ಲ,” ಎಂದರು ದಂತವೈದ್ಯರು. ಮೊದಲನೇ ದನಿಯ ಗಂಡಸರಲ್ಲಿ ಅವರದೇ ಒಳ್ಳೆಯ ಕಂಠ, ಅವರ ಮಾತಿಗೆ ತೂಕವಿತ್ತು.

“ಮನಸ್ಸು ಒಪ್ಪಲ್ಲ, ಸರಿ. ಬಾಡಿಗೆ ಯಾರು ಕಟ್ತಾರೆ ಹೇಳಿ,” ಎಂದಳು ಬ್ರೇಕಮ್ಮ. ಅಲ್ಲಿಗೆ ತೀರ್ಮಾನವಾಯಿತು.

ಮೇಷ್ಟ್ರು ಇದಕ್ಕೆಂದೇ ಸಣ್ಣದೊಂದು ಹಾಡು ಕಟ್ಟಿದರು. ಸತ್ತವರು ಯಾವ ದೇವರನ್ನು ನಂಬಿದ್ದರೋ, ನಂಬಿರಲಿಲ್ಲವೋ ತಿಳಿಯದು. ಹಾಗಾಗಿ ಅದರಲ್ಲಿ ದೇವರಿರಲಿಲ್ಲ, ಸ್ವರ್ಗವಿರಲಿಲ್ಲ. ‘ನಡೆದಷ್ಟು ದಾರಿ ನಿನ್ನದು, ನೆರಳಿದ್ದಷ್ಟು ಹೊತ್ತು ನಿನ್ನದು’ ಎಂದು ಶುರುವಾಗಿ, ಮೂರು ನುಡಿಗಳಲ್ಲಿ ಮುಗಿಯುತ್ತಿತ್ತು.

ಬೆಳಗಿನ ಹೊತ್ತು ಬಿಡುವಿರುವವರು ಕಡಿಮೆ. ಬ್ರೇಕಮ್ಮನಿಗೆ ಮಾತ್ರ ಮಕ್ಕಳನ್ನು ಶಾಲೆಗೆ ಬಿಟ್ಟಮೇಲೆ ಮಧ್ಯಾಹ್ನದ ಗಂಟೆ ಹೊಡೆಯುವವರೆಗೆ ಕೆಲಸವಿರಲಿಲ್ಲ. ಆದ್ದರಿಂದ ಯಾರು ತಪ್ಪಿಸಿಕೊಂಡರೂ ಅವಳು ತಪ್ಪಿಸುತ್ತಿರಲಿಲ್ಲ. ಚಿತಾಗಾರ ಊರಂಚಿನ ತಗ್ಗು ಕಟ್ಟಡ. ಮುಂದೆ ಕಾಯುವವರ ಹಜಾರ, ನೆಲಕ್ಕೆ ಬಿಗಿದ ಸ್ಟೀಲ್ ಬೆಂಚುಗಳು. ಒಳಗೆ ಚಿಕ್ಕದೊಂದು ಕೋಣೆ, ಉರುಳೆಗಳಿರುವ ಕಬ್ಬಿಣದ ಮೇಜು, ಅದರಾಚೆ ಒಲೆಯ ಬಾಗಿಲು. ಒಲೆ ನೋಡಿಕೊಳ್ಳುವವನು ಮಿತಭಾಷಿ. ಪ್ರತಿ ಸಲ ಗಾಡಿ ಬಂದಾಗಲೂ ಗೋಡೆಯ ಕನ್ನಡಿಯ ಮುಂದೆ ನಿಂತು ತಲೆ ಬಾಚಿಕೊಂಡು, ಅಂಗಿಯ ಕತ್ತಿನ ಗುಂಡಿ ಹಾಕಿಕೊಂಡೇ ಬಾಗಿಲು ತೆಗೆಯುತ್ತಿದ್ದ. ತಂಡದವರು ಬರತೊಡಗಿದ ಮೇಲೆ ಕಲಿತ ಶಿಸ್ತೇನೂ ಅಲ್ಲ ಅದು.

ನಿಜ ಹೇಳಬೇಕೆಂದರೆ, ಮೊದಮೊದಲು ಬ್ರೇಕಮ್ಮನಿಗೆ ಅದು ಬಾಡಿಗೆಯ ಕೆಲಸವೇ ಆಗಿತ್ತು. ಹಾಡುತ್ತಲೇ ಮನಸ್ಸಿನಲ್ಲಿ ಲೆಕ್ಕ ನಡೆಯುತ್ತಿತ್ತು: ಇದೊಂದು ಆದರೆ ಈ ತಿಂಗಳ ಬಾಡಿಗೆ ಅರ್ಧ ಗೆದ್ದಂತೆ. ನಾಚಿಕೆಯೇನೂ ಆಗುತ್ತಿರಲಿಲ್ಲ. ಕಬ್ಬಿಣದ ಮೇಜಿನ ಮೇಲಿದ್ದವರ ಮುಖ ನೋಡುವ ಪದ್ಧತಿಯೂ ಇರಲಿಲ್ಲ. ಹೆಸರು ಓದುತ್ತಿದ್ದರು, ಹೆಸರೂ ಗೊತ್ತಿಲ್ಲದಿದ್ದರೆ ಸಿಕ್ಕ ಬೀದಿಯ ಹೆಸರು ಓದುತ್ತಿದ್ದರು.

“ಸತ್ತೋರಿಗೆ ಹಾಡಿ ದುಡ್ಡು ತರ್ತೀಯಲ್ಲ, ಅವರು ಚೆನ್ನಾಗಿಲ್ಲ ಅಂತ ಎದ್ದೂ ಹೋಗಲ್ಲ ಪಾಪ,” ಎಂದು ಅತ್ತೆ ಊಟದ ಹೊತ್ತಿಗೆ ಚುಚ್ಚಿದರೆ ಗಂಡ ತಟ್ಟೆಯತ್ತ ಬಗ್ಗಿ ನಗು ನುಂಗುತ್ತಿದ್ದ.

ಆ ಚಳಿಗಾಲ ಊರಿಗೆ ಊರೇ ಜ್ವರ ಕೆಮ್ಮು ಹಿಡಿದು ಮಲಗಿತು. ಮೇಷ್ಟ್ರ ದನಿ ಪೂರ್ತಿ ಕಟ್ಟಿತ್ತು. ಹೀಗಿರುವಾಗ ಒಂದು ಬೆಳಿಗ್ಗೆ ಬ್ರೇಕಮ್ಮ ಖಾಲಿ ಬಸ್ಸನ್ನು ಚಿತಾಗಾರದ ಅಂಗಳದಲ್ಲಿ ನಿಲ್ಲಿಸಿ ಒಳಗೆ ಹೋದರೆ ತಂಡದವರು ಒಬ್ಬರೂ ಇಲ್ಲ. ಫೋನ್ ಮಾಡಿದಳು. ಒಬ್ಬರಿಗೆ ಜ್ವರ, ಇನ್ನೊಬ್ಬರ ಮಗುವಿಗೆ ಜ್ವರ, ದಂತವೈದ್ಯರ ಕುರ್ಚಿಯಲ್ಲಿ ಯಾರೋ ಬಾಯಿ ತೆರೆದು ಕೂತಿದ್ದರು. ಉಳಿದವರು ಅವರು ಹೋಗುತ್ತಾರೆ ಎಂದು ಇವರು, ಇವರು ಹೋಗುತ್ತಾರೆ ಎಂದು ಅವರು ಮನೆಯಲ್ಲೇ ಉಳಿದಿದ್ದರು.

“ಇವತ್ತು ಒಬ್ರೇನಾ?” ಎಂದ ಒಲೆಯವನು.

“ಹಾಗೇ ಕಾಣತ್ತೆ.”

“ಬಿಡಿ, ಬಂದಿದ್ರಿ ಅಂತ ಸಹಿ ಹಾಕಿ ಹೋಗಿ. ನಾನಂತೂ ಯಾರಿಗೂ ಹೇಳಲ್ಲ.”

ಅವನು ಮೋಸಕ್ಕೆ ಹೇಳಿದ ಮಾತಲ್ಲ ಅದು, ಕನಿಕರದಿಂದ ಹೇಳಿದ್ದು. ಅವಳಿಗೂ ಒಂದು ಕ್ಷಣ ಹೌದೆನಿಸಿತು. ಆದರೆ ಅವನು ಅದಾಗಲೇ ತಲೆ ಬಾಚಿಕೊಂಡು, ಕತ್ತಿನ ಗುಂಡಿ ಹಾಕಿಕೊಂಡು ನಿಂತಿದ್ದ. ಅವನೆದುರು ಸಹಿ ಹಾಕಿ ಹೋಗುವುದು ಹೇಗೆ? ಚೀಲವನ್ನು ಬೆಂಚಿನ ಮೇಲಿಟ್ಟು ಒಳಗೆ ಹೋದಳು.

ಮೇಜಿನ ಮೇಲಿದ್ದದ್ದು ಒಬ್ಬ ಮುದುಕನ ದೇಹ. ಹೆಸರು ಓದಿದ್ದಾಯಿತು. ಬಾಯಿ ತೆರೆದ ಮೇಲೆ ಅವಳಿಗೆ ಹೊಳೆಯಿತು, ತನಗೆ ಹಾಡಿನ ಧಾಟಿಯೇ ಬರುವುದಿಲ್ಲ. ಎಷ್ಟೋ ಸಲ ಕೇಳಿದ್ದಾಳೆ, ಆದರೆ ಕಿವಿಯಲ್ಲಿದ್ದದ್ದು ಗಂಟಲಿಗೆ ಇಳಿಯಲೊಲ್ಲದು. ಬರುವುದು ತನ್ನ ಸಾಲು ಮಾತ್ರ. ಬೇರೆ ದಾರಿ ಕಾಣದೆ ಅದನ್ನೇ ಹಿಡಿದಳು. “ನಡೆದಷ್ಟು...” ಎಂದು ತಗ್ಗಿನಲ್ಲಿ ನಿಂತು, ಬಾಯಿ ಮುಚ್ಚಿ ಎಣಿಸಿ, “...ನಿನ್ನದು” ಎಂದಳು. ಮತ್ತೆ ಮೌನ. ಮತ್ತೆ ಎಣಿಕೆ. ಆ ಮೌನಗಳು ಅಷ್ಟು ಉದ್ದ ಎಂದು ಅವಳಿಗೆ ಅದುವರೆಗೆ ತಿಳಿದಿರಲಿಲ್ಲ. ಒಲೆಯ ಬಾಗಿಲಾಚೆ ಉರಿ ಸಣ್ಣಗೆ ಮೊರೆಯುವುದು ಕೇಳುತ್ತಿತ್ತು.

ಎರಡನೇ ನುಡಿಯ ಹೊತ್ತಿಗೆ ಹಿಂದೆ ಬಾಗಿಲು ಸರಿದ ಸದ್ದಾಯಿತು. ನಡುವಯಸ್ಸಿಗೆ ಬರುತ್ತಿದ್ದ ಒಬ್ಬ ಹೆಂಗಸು, ಕೈಯಲ್ಲಿ ಪ್ರಯಾಣದ ಚೀಲ, ದೂರದಿಂದ ಬಂದವಳ ಸುಕ್ಕುಗಟ್ಟಿದ ಬಟ್ಟೆ.

“ನೀವು ಯಾರು?” ಎಂದಳು ಅವಳು.

“ಹಾಡೋ ತಂಡದವಳು.”

“ಅಪ್ಪ ನಿಮಗೆ ಗೊತ್ತಿದ್ರಾ?”

ಹೌದು ಅಂದುಬಿಡೋಣ ಎಂದು ನಾಲಿಗೆಯ ತುದಿಗೆ ಬಂದಿತ್ತು. “ಇಲ್ಲಮ್ಮ. ನಗರಸಭೆಯವರು ಹೇಳಿದ್ರು, ಬಂದೆ.”

“ಅವರು ದುಡ್ಡು ಕೊಡ್ತಾರಾ?”

“ತಂಡಕ್ಕೆ ಕೊಡ್ತಾರೆ. ನಮ್ಮ ಕೋಣೆ ಬಾಡಿಗೆಗೆ.”

“ಓಹೋ. ಕೊನೆಗೂ ನಮ್ಮಪ್ಪನಿಂದ ಯಾರ ಬಾಡಿಗೆಗಾದ್ರೂ ಉಪಯೋಗ ಆಯ್ತು. ನಮ್ಮನೆ ಬಾಡಿಗೆ ಅವನು ಯಾವತ್ತೂ ಕಟ್ಟಿದೋನಲ್ಲ.”

ಒಲೆಯವನು ಒಂದು ಸ್ಟೂಲು ತಂದಿಟ್ಟು ಗೋಡೆಗೆ ಸರಿದ. ಹೆಂಗಸು ಚೀಲವನ್ನು ಕೆಳಗಿಡದೆಯೇ ಕುಳಿತಳು. ಆಸ್ಪತ್ರೆಯವರು ಹೇಗೋ ತನ್ನ ನಂಬರು ಹುಡುಕಿ ಹಿಂದಿನ ದಿನ ಫೋನ್ ಮಾಡಿದ್ದನ್ನು, ಬರುವುದಿಲ್ಲ ಎಂದು ಹೇಳಿಬಿಟ್ಟದ್ದನ್ನು, ಬಸ್ಸು ಹತ್ತಿ ಕುಳಿತ ಮೇಲೂ ಬರುವುದಿಲ್ಲ ಎಂದೇ ಅಂದುಕೊಳ್ಳುತ್ತಿದ್ದುದನ್ನು ಯಾರನ್ನೂ ನೋಡದೆ ಹೇಳಿದಳು.

“ಅವನಿಗೆ ಹಾಡು ಅಂದ್ರೇ ಆಗ್ತಿರಲಿಲ್ಲ. ಮನೇಲಿ ಅಮ್ಮ ರೇಡಿಯೋ ಹಚ್ಚಿದ್ರೆ ಎದ್ದು ಹೊರಗೆ ಹೋಗ್ತಿದ್ದ. ನಾನು ಸ್ಕೂಲಲ್ಲಿ ಹಾಡೋಕೆ ಸೇರಿದೆ ಅಂತ ಗೊತ್ತಾದ ದಿನ ಬೆಲ್ಟು ತಗೊಂಡಿದ್ದ.” ಆಮೇಲೆ ಬ್ರೇಕಮ್ಮನತ್ತ ತಿರುಗಿ ಕೇಳಿದಳು: “ನೀವು ಯಾಕೆ ಮಧ್ಯ ಮಧ್ಯ ನಿಲ್ಲಿಸ್ತಿದ್ರಿ? ಮರೆತು ಹೋಯ್ತಾ?”

“ಮರೆತಿಲ್ಲಮ್ಮ. ಅಲ್ಲಿ ಮೊದಲನೇ ದನಿಯವರು ಹಾಡ್ಬೇಕು. ಇವತ್ತು ಯಾರೂ ಬಂದಿಲ್ಲ. ನನಗೆ ನನ್ನ ಸಾಲು ಮಾತ್ರ ಬರೋದು.”

ಹೆಂಗಸಿನ ಮುಖದಲ್ಲಿ ನಗುವೊಂದು ಬಂದು, ಬಂದಷ್ಟೇ ಬೇಗ ಹೋಯಿತು.

“ಮೊದಲಿಂದ ಹಾಡಿ,” ಎಂದಳು. “ನಿಮಗೆ ಬರೋಷ್ಟೇ ಹಾಡಿ. ಒಂದ್ಸಲ ಆದ್ರೂ ಎದ್ದು ಹೋಗದೆ ಕೂತು ಕೇಳ್ಲಿ ಅವನು.”

ಬ್ರೇಕಮ್ಮ ಮೊದಲಿಂದ ಹಾಡಿದಳು. ಈ ಸಲ ಮೌನಗಳನ್ನು ಅವಸರದಿಂದ ದಾಟಲಿಲ್ಲ. ಎಷ್ಟು ಕಾಯಬೇಕೋ ಅಷ್ಟು ಕಾದಳು. ಮೂರನೇ ನುಡಿಯಲ್ಲಿ ದನಿ ಒಡೆಯಿತು, ಹಾಗೆಯೇ ಮುಗಿಸಿದಳು. ಲೆಕ್ಕ ಅವತ್ತು ತಲೆಗೆ ಬರಲೇ ಇಲ್ಲ. ಮಗಳು ಎದ್ದು ಹೋಗಿ ಬಟ್ಟೆ ಸರಿಸಿ ಅಪ್ಪನ ಮುಖ ನೋಡಿದಳು. “ಎಷ್ಟು ಸಣ್ಣ ಆಗ್ಬಿಟ್ಟಿದಾನೆ,” ಎಂದಳು. ಬಟ್ಟೆಯನ್ನು ಮತ್ತೆ ಮುಚ್ಚಿ, ಅಂಚನ್ನು ನೇರ ಮಾಡಿ, ಒಲೆಯವನಿಗೆ ತಲೆಯಾಡಿಸಿದಳು. ಉರುಳೆಗಳು ತಿರುಗಿದವು.

ಬಸ್ ನಿಲ್ದಾಣಕ್ಕೆ ಹೇಗೆ ಹೋಗುವುದು ಎಂದು ಅವಳು ಕೇಳಿದಾಗ ಬ್ರೇಕಮ್ಮ ತನ್ನ ಬಸ್ಸಿನಲ್ಲೇ ಕರೆದುಕೊಂಡು ಹೊರಟಳು. ಮಕ್ಕಳ ಅಳತೆಯ ಸೀಟು. ಮಂಡಿ ಎದೆಗೆ ತಾಗುವಂತೆ ಮುದುರಿ ಕುಳಿತ ಹೆಂಗಸು, ಮುಂದಿನ ಸೀಟಿನ ಬೆನ್ನಿಗೆ ಯಾವುದೋ ಮಗು ಅಂಟಿಸಿದ್ದ ನಕ್ಷತ್ರದ ಚೀಟಿಗಳನ್ನು ಉಗುರಿನಿಂದ ಮುಟ್ಟುತ್ತಿದ್ದಳು. ಅರ್ಧ ದಾರಿಯಲ್ಲಿ ಅವಳ ಅಳು ಕೇಳಿಸಿತು. ಬ್ರೇಕಮ್ಮ ಕನ್ನಡಿಯಲ್ಲಿ ನೋಡಲಿಲ್ಲ. ನಿಲ್ದಾಣಕ್ಕೆ ನೇರ ದಾರಿ ಬಿಟ್ಟು ಕೆರೆಯ ಸುತ್ತಿನ ರಸ್ತೆ ಹಿಡಿದಳು.

ಇಳಿಯುವಾಗ ಹೆಂಗಸು ಕೇಳಿದಳು: “ಹೀಗೆ ಯಾರೂ ಇಲ್ಲದೋರು ಸತ್ರೆ, ಎಲ್ಲರಿಗೂ ಬರ್ತೀರಾ?”

“ಬರ್ತೀವಿ,” ಎಂದಳು ಬ್ರೇಕಮ್ಮ. ಯಾರನ್ನೂ ಕೇಳದೆ ಎಲ್ಲರ ಪರವಾಗಿ ಆಡಿದ ಮಾತು ಅದು. ಆಡಿದ ಮೇಲೆ ಭಾರವೆನಿಸಿತು.

ಮುಂದಿನ ಮಂಗಳವಾರ ಅವಳು ಯಾರ ಮೇಲೂ ರೇಗಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿ ಕುಳಿತಳು. ಕೆಮ್ಮುತ್ತಲೇ ಬಂದಿದ್ದ ಮೇಷ್ಟ್ರು ಕೀಬೋರ್ಡಿನಲ್ಲಿ ಆ ಹಾಡಿನ ಧಾಟಿಯ ಮೊದಲ ಸ್ವರ ಒತ್ತಿದರು. ಅಂದಿನಿಂದ ಆ ಒಂದು ಹಾಡನ್ನು ಎಲ್ಲರಿಗೂ ಎಲ್ಲ ದನಿಯಲ್ಲೂ ಕಲಿಸತೊಡಗಿದರು. ಬ್ರೇಕಮ್ಮನ ಗಂಟಲು ಮೇಲಕ್ಕೆ ಹೋಗದೆ ಕೀರಲಾದಾಗ ಹಿಂದಿನ ಸಾಲಿನವರು ನಕ್ಕರು, ಅವಳೂ ನಕ್ಕಳು. ಬೆಳಗಿನ ಹಾಡಿಗೆ ಬರುವವರು ಹೆಚ್ಚಾದರು.

ಮಳೆಗಾಲ ಹತ್ತಿರ ಬಂದಾಗ ನಗರಸಭೆಯಿಂದ ಫೋನ್ ಬಂತು. ಆ ಅಧಿಕಾರಿಣಿಗೆ ವರ್ಗವಾಗಿತ್ತು. ಹೊಸಬರು ಖರ್ಚು ಕಡಿತ ಎಂದರು, ಅನುದಾನ ನಿಂತಿತು. ಅದೇ ವಾರ ದಂತವೈದ್ಯರು ಒಂದು ಒಳ್ಳೆಯ ಸುದ್ದಿ ತಂದರು. ಅವರ ಬಳಿ ಹಲ್ಲು ಕಟ್ಟಿಸಿಕೊಂಡ ಹೋಟೆಲಿನ ಮಾಲೀಕರೊಬ್ಬರು, ವಾರದ ದಿನಗಳಲ್ಲಿ ಮಧ್ಯಾಹ್ನದ ಊಟಕ್ಕೆ ಮುಂಚೆ ತಮ್ಮ ಮುಂಗೋಣೆಯಲ್ಲಿ ಹಾಡಲು ತಂಡವನ್ನು ಕೇಳಿದ್ದರು. ಕೊಡುವ ಹಣದಲ್ಲಿ ಬಾಡಿಗೆ ಕಳೆದು ಹೊಸ ಬಟ್ಟೆಗೂ ಮಿಗುವಂತಿತ್ತು. ಆ ಹೊತ್ತಿಗೆ ಬಿಡುವಿರುವ ಕೆಲವೇ ಜನ ಹೋಟೆಲಿಗೂ ಚಿತಾಗಾರಕ್ಕೂ ಹೋಗುವಂತಿರಲಿಲ್ಲ, ಎರಡರದ್ದೂ ಹೊತ್ತು ಒಂದೇ.

ಎಲ್ಲರೂ ಖಜಾಂಚಿಯ ಮುಖ ನೋಡಿದರು. ಅವಳು ಏನನ್ನುತ್ತಾಳೆ ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

“ಕೋಣೆ ಬಿಟ್ಟುಬಿಡೋಣ,” ಎಂದಳು ಬ್ರೇಕಮ್ಮ.

“ನೀವೇನಾ ಈ ಮಾತು ಹೇಳ್ತಿರೋದು?” ದಂತವೈದ್ಯರಿಗೆ ನಿಜಕ್ಕೂ ಗಾಬರಿಯಾಗಿತ್ತು. “ಬಾಡಿಗೆಗೋಸ್ಕರ ಅಲ್ವಾ ನೀವು ಅದನ್ನ ಶುರು ಮಾಡ್ಸಿದ್ದು?”

“ಬಾಡಿಗೆಗೋಸ್ಕರಾನೇ. ಇಲ್ಲ ಅನ್ನಲ್ಲ. ಈಗ ಬಾಡಿಗೆಗೆ ಬೇರೆ ದಾರಿ ಸಿಕ್ತು ಅಂತ ಅವರನ್ನ ಬಿಡೋಕೆ ನನ್ನಿಂದ ಆಗಲ್ಲ ಡಾಕ್ಟ್ರೇ. ನಾಳೆ ಬೆಳಿಗ್ಗೆ ಗಾಡಿ ಬರತ್ತೆ. ನಾವು ಹೋಟೆಲಲ್ಲಿ ಇರ್ತೀವಿ, ಅಲ್ಲಿ ಡ್ರೈವರು ಫೋನಲ್ಲಿ ಮಾತಾಡ್ತಾ ಇರ್ತಾನೆ. ಅದು ಕಣ್ಮುಂದೆ ಬರತ್ತೆ ನನಗೆ.”

“ತಂಡ ಅಂದ್ಮೇಲೆ ಒಂದು ಜಾಗ ಬೇಡ್ವಾ? ಬೀದೀಲಿ ನಿಂತು ಕಲಿಯೋಕಾಗತ್ತಾ?”

“ಜಾಗ ನೋಡೋಣ. ನಾನು ಬಲವಂತ ಮಾಡ್ತಿಲ್ಲ. ಅವತ್ತು ಆ ಮುದುಕನ ಮಗಳಿಗೆ ಬರ್ತೀವಿ ಅಂದೆ. ನಿಮ್ಮನ್ನ ಕೇಳಿ ಅಂದಿದ್ದಲ್ಲ, ಹಾಗಾಗಿ ಅದು ನಿಮ್ಮ ಮಾತಲ್ಲ. ನನ್ನ ಮಾತು.”

ಜಗಳವಾಗಲಿಲ್ಲ. ಆಗಿದ್ದರೆ ಮನಸ್ಸಿಗೆ ಹಗುರವಾಗುತ್ತಿತ್ತೇನೋ. ತಂಡ ಎರಡಾಯಿತು. ಹೆಚ್ಚುಕಡಿಮೆ ಅರ್ಧ ಜನ, ಅದರಲ್ಲೂ ಒಳ್ಳೆಯ ಕಂಠದವರು, ದಂತವೈದ್ಯರ ಜೊತೆ ಹೋದರು, ಕೋಣೆಯೂ ಅವರದಾಯಿತು. ತಪ್ಪೆನ್ನುವಂತಿರಲಿಲ್ಲ, ಅವರಿಗೂ ಹಾಡಬೇಕಿತ್ತು. ಮೇಷ್ಟ್ರು ಕೀಬೋರ್ಡನ್ನು ಸ್ಕೂಟರಿಗೆ ಕಟ್ಟಿ ಬ್ರೇಕಮ್ಮನ ಕಡೆ ನಿಂತರು. ಬ್ಯಾಂಕಿನಲ್ಲಿದ್ದ ಚೂರುಪಾರು ಹಣವನ್ನು ಅವಳು ತಲೆಯೆಣಿಕೆಯ ಮೇಲೆ ಪಾಲು ಮಾಡಿ ಕೊಟ್ಟಾಗ ದಂತವೈದ್ಯರು ಕಣ್ಣು ಬೇರೆ ಕಡೆ ತಿರುಗಿಸಿ, “ಹಲ್ಲು ನೋವು ಬಂದ್ರೆ ನನ್ನತ್ರಾನೇ ಬನ್ನಿ. ಫೀಸು ತಗೊಳ್ಳಲ್ಲ,” ಎಂದರು.

“ತಗೊಳ್ಳಿ,” ಎಂದಳು ಅವಳು. “ಅದಿಲ್ದಿದ್ರೆ ಬರೋಕೆ ಸಂಕೋಚ ಆಗತ್ತೆ.”

ಜಾಗ ಕೊಡಿಸಿದವನು ಒಲೆಯವನು. ಸಂಜೆಯ ಹೊತ್ತು ಹಜಾರ ಖಾಲಿ ಬಿದ್ದಿರುತ್ತದೆ ಎಂದು ತನ್ನ ಮೇಲಿನವರನ್ನು ಕೇಳಿ ಒಪ್ಪಿಸಿದ್ದ. ಚಿತಾಗಾರದಲ್ಲಿ ಅಭ್ಯಾಸ ಎಂದಾಗ ಇನ್ನೂ ಮೂರು ನಾಲ್ಕು ಜನ ಕಳಚಿಕೊಂಡರು. ಬಾಡಿಗೆಯಿಲ್ಲದ ಮೇಲೆ ಚಂದಾ ಹೆಸರಿಗಷ್ಟೇ ಆಯಿತು. ಕೊಡಲಾಗದೆ ನಾಚಿ ಬಿಟ್ಟುಹೋಗಿದ್ದ ಹಿಂದಿನ ಸಾಲಿನ ಇಬ್ಬರು ತಾವಾಗಿಯೇ ಬಂದು ಮುಂದೆ ಕುಳಿತರು.

ಮೊದಲ ಮಂಗಳವಾರ ಮೇಷ್ಟ್ರು ಹಜಾರದ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರು. ಬರಿಗೋಡೆ, ಕಲ್ಲಿನ ನೆಲ; ಸದ್ದು ಹೋಗಿ ಬಂದು ಬಹಳ ಹೊತ್ತು ನಿಂತಿತು. “ಇಲ್ಲಿ ಗಂಟಲು ಹರ್ಕೊಳ್ಳೋ ಹಾಗಿಲ್ಲ,” ಎಂದರು. “ಇಷ್ಟು ವರ್ಷ ಗಟ್ಟಿಯಾಗಿ ಹಾಡಿ ಅಂತ ಕಲಿಸ್ದೆ. ಈಗ ಮೆಲ್ಲಗೆ ಹಾಡೋದನ್ನ ನಾನೂ ಕಲೀಬೇಕು.”

ಕಲಿಯುವುದಕ್ಕೆ ತಿಂಗಳುಗಳೇ ಹಿಡಿದವು. ವರ್ಷದ ಕಾರ್ಯಕ್ರಮವನ್ನು ಶಾಲೆಯ ಊಟದ ಕೋಣೆಯಲ್ಲಿ ಮಾಡಿದರು. ಜನ ಬಂದದ್ದು ಕಡಿಮೆ. ಹೋಟೆಲಿನ ತಂಡದವರು ಒಂದಿಬ್ಬರು ಹಿಂದೆ ನಿಂತು ಕೇಳಿ ಹೋದರು. ಒಲೆಯವನು ಮೊದಲ ಸಾಲಿನಲ್ಲಿ ಹೆಂಡತಿಯೊಡನೆ ಕುಳಿತಿದ್ದ. ಲೆಕ್ಕ ಮಾಡಿ ನೋಡಿದರೆ ಬಂದದ್ದು ಖರ್ಚಿಗೆ ಸರಿಹೋಗಿತ್ತು, ಉಳಿದದ್ದು ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಚಿತಾಗಾರಕ್ಕೆ ಗಾಡಿ ಬರುವುದಿತ್ತು. ರಸ್ತೆ ಬದಿಯಲ್ಲಿ ಸಿಕ್ಕ ಒಬ್ಬ ಹೆಂಗಸು, ಹೆಸರು ಗೊತ್ತಿಲ್ಲ. ಕಾರ್ಯಕ್ರಮದ ಆಯಾಸಕ್ಕೆ ಯಾರೂ ಏಳಲಾರರು ಎಂದುಕೊಂಡೇ ಬ್ರೇಕಮ್ಮ ಮಕ್ಕಳನ್ನು ಶಾಲೆಗೆ ಇಳಿಸಿ ಅಲ್ಲಿಗೆ ಹೋದಳು. ಬೆಂಚಿನ ಮೇಲೆ ಆರು ಜನ ಕುಳಿತು, ಮೆಲ್ಲಗೆ ಶ್ರುತಿ ಸೇರಿಸಿಕೊಳ್ಳುತ್ತಿದ್ದರು.